ಕೊಡಿಲ್ಲಿಯಕ್ಕ ಕಾಲರ್ ಹೊಲಿಸಿದ್ದು

ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಸುಖವಾಗಿ ಮಲಗಿತ್ತು. ಉಳಿದಂತೆ ಎದುರಿಗೆ ಅವಳು ಎಲ್ಲರಿಗೂ ಅಕ್ಕ, ಬೆನ್ನು ತಿರುಗಿಸಿದರೆ ಕೊಡಿಲ್ಲಿಯಕ್ಕ. ಯಾರಾದರೂ ಅವಳ ಮುಂದೆ ಒಂದು ಕೆಲಸಕ್ಕೆ ಕೈ ಹಾಕಿದರೆ ಎರಡು ನಿಮಿಷ ಸುಮ್ಮನೆ ನೋಡುತ್ತಿದ್ದಳು. ಮೂರನೆಯ ನಿಮಿಷಕ್ಕೆ ಕೈ ಚಾಚಿ "ಕೊಡಿಲ್ಲಿ" ಎನ್ನುತ್ತಿದ್ದಳು. ಕೊಡುವವರೆಗೆ ಕಾಯುವ ಪೈಕಿಯವಳೂ ಅಲ್ಲ. ಮಾತು ಮುಗಿಯುವುದರೊಳಗೆ ಕತ್ತರಿಯೋ ಪೊರಕೆಯೋ ಮೊಮ್ಮಗಳ ಬಾಚಣಿಗೆಯೋ ಅವಳ ಕೈ ಸೇರಿರುತ್ತಿತ್ತು. ಒಮ್ಮೆ ಬೀಗ ರಿಪೇರಿಗೆ ಬಂದವನ ಕೈಯಿಂದ ಸ್ಕ್ರೂಡ್ರೈವರನ್ನೇ ಕಸಿದುಕೊಂಡಿದ್ದಳು. ಬೀಗ ಸರಿಹೋಯಿತು, ಪಾಪ, ಅವನಿಗೆ ಅದೇ ಹೆಚ್ಚು ಬೇಜಾರು.

ಹಾಗೆ ಕಸಿದುಕೊಳ್ಳುವ ಯೋಗ್ಯತೆ ಆ ಕೈಗೆ ಇತ್ತು ಅನ್ನುವುದನ್ನು ಮಾತ್ರ ಅವಳನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಮಹಡಿ ಮೆಟ್ಟಿಲ ಕೆಳಗಿನ ಶರ್ಟ್ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಅವಳೇ ಹಿರಿಯ ಟೈಲರ್. ಒಂದು ಉದ್ದ ಮೇಜು, ನಾಲ್ಕು ಮಷೀನು, ಬಾಗಿಲ ಬೆಳಕು ಬೀಳುವ ಕಡೆ ಅವಳ ಕುರ್ಚಿ. ಕುತ್ತಿಗೆಯಲ್ಲಿ ಸದಾ ನೇತಾಡುವ ಹಳದಿ ಟೇಪು. ಅವಳು ಕೂರಿಸಿದ ಕಾಲರ್ ನೂರು ಸಲ ಒಗೆದರೂ ಕುತ್ತಿಗೆಯ ಸುತ್ತ ಮೆತ್ತಗೆ ಬಾಗಿ ಕೂತಿರುತ್ತಿತ್ತು. ಅದರ ಎರಡು ತುದಿಗಳು ಎಂದೂ ಮೇಲೆದ್ದು ಊರು ನೋಡಿದ್ದಿಲ್ಲ.

ಅಂಥ ಕೈ ಹಿಂದಿನ ವರ್ಷದಿಂದ ನಡುಗಲು ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಬಲಗೈ. ಡಾಕ್ಟರು ಮೊಣಕೈ ತಟ್ಟಿ, ಬೆರಳು ಮಡಚಿಸಿ ನೋಡಿ, "ಇನ್ನೊಂದು ವರ್ಷ ಹೊಲೀಬಹುದು. ಆಮೇಲೆ ಸೂಜಿ ಬಿಟ್ಟುಬಿಡಿ," ಎಂದರು. ಸಿಗರೇಟು ಬಿಡಿ ಅನ್ನುವಷ್ಟು ಸಲೀಸಾಗಿ ಹೇಳಿದರಲ್ಲ ಎಂದು ಅವಳಿಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುವಾಗ ಗೋಡೆಯ ಕಡೆ ತಿರುಗಿ ಕೂರತೊಡಗಿದಳು. ಬಟ್ಟೆ ಇಲ್ಲದ ದಿನ ಬೆಳಗಾಗೆದ್ದು ಏನು ಮಾಡುವುದು ಅನ್ನುವುದೇ ಅವಳಿಗೆ ಹೊಳೆಯುತ್ತಿರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಬೀದಿಯ ಕೊನೆಯ ಹಳೇ ಗೋದಾಮಿನ ಬಾಗಿಲಿಗೆ ಅಂಟಿಸಿದ್ದ ಕಾಗದ. ಹೊಲಿಗೆ ತರಬೇತಿ ಕೇಂದ್ರ ತೆರೆಯುತ್ತಾರೆ, ಕಲಿಸುವವರು ಬೇಕು. ಕಲಿಯಲು ಬರುವವರು ನಾನಾ ಭಾಷೆಯವರಾದ್ದರಿಂದ ಪಾಠ ಇಂಗ್ಲಿಷಿನಲ್ಲಿ. ಪರೀಕ್ಷೆಯೂ ವಿಚಿತ್ರ. ಕಾಲರ್ ಹೊಲಿಯಲು ಹೋಗಿ ಕೈಲಾಗದೆ ಬಿಟ್ಟ ಒಬ್ಬರನ್ನು ಅಭ್ಯರ್ಥಿಯೇ ಕರೆತರಬೇಕು. ನೆಂಟರು ಆಗದು. ಆ ವ್ಯಕ್ತಿ ಮೊದಲು ಒಂದು ಕಾಲರ್ ಹೊಲಿದು ತೋರಿಸಬೇಕು. ಆಮೇಲೆ ಒಂದೂವರೆ ಗಂಟೆ ಪಾಠ, ಅದರೊಳಗೇ ಇನ್ನೊಂದು ಕಾಲರ್. ಕಲಿಸುವವರು ಬಟ್ಟೆ, ಸೂಜಿ, ಮಷೀನು ಯಾವುದನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಆಚೆಗೆ.

ಮುಟ್ಟದೆ ಮಾಡುವ ಕೆಲಸ! ಕೈ ಎಷ್ಟು ನಡುಗಿದರೇನು? ಅಕ್ಕನಿಗೆ ಸಾಯುವ ತನಕ ಬಟ್ಟೆಯ ವಾಸನೆಯಲ್ಲೇ ಇರುವ ದಾರಿ ಕಂಡಿತು. ತೊಂದರೆ ಇರುವುದು ಇಂಗ್ಲಿಷ್ ಒಂದರದೇ ಎಂದು ಖುಷಿಯಾಗಿ ಮನೆಗೆ ನಡೆದಳು. ತನ್ನ ತೊಂದರೆ ಯಾವುದು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಇಂಗ್ಲಿಷ್ ಮನೆಯಲ್ಲೇ ಇತ್ತು. ಸೊಸೆ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಹನ್ನೊಂದು ವರ್ಷದಿಂದ ಆ ಮನೆಯಲ್ಲಿದ್ದರೂ ಈರುಳ್ಳಿ ಒಂದನ್ನು ಪೂರ್ತಿಯಾಗಿ ಹೆಚ್ಚಿದ್ದಿಲ್ಲ, ಅರ್ಧಕ್ಕೆ ಚಾಕು ಅತ್ತೆಯ ಕೈಗೆ ಹೋಗುತ್ತಿತ್ತು. ಜಗಳವಾಡಿ ಪ್ರಯೋಜನವಿಲ್ಲ ಎಂದು ಅವಳು ಬಹಳ ಹಿಂದೆಯೇ ಕೈಕಟ್ಟಿ ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದಳು. ಈಗ ಅತ್ತೆ ನೋಟ್‌ಬುಕ್ಕು ಹಿಡಿದು ಎದುರಿಗೆ ಬಂದು ಕೂತಾಗ ನಗು ತಡೆದುಕೊಳ್ಳಲು ಕೆಮ್ಮಬೇಕಾಯಿತು.

ಅಕ್ಕ ಹಟಮಾರಿ ವಿದ್ಯಾರ್ಥಿನಿ. ಅಂಗಡಿಯ ಗಿರಾಕಿಗಳ ಜೊತೆ ಒಡಕು ಇಂಗ್ಲಿಷಿನಲ್ಲಿ ಮೊದಲೇ ಏಗಿದವಳು. ಎರಡು ತಿಂಗಳಲ್ಲಿ ನೇರ ಮಾತು ಬಂತು. ಒಂದು ಸಂಜೆ ಸೊಸೆ ಹೇಳಿದಳು: "ಅತ್ತೆ, ಇವತ್ತಿಂದು ನಿಮಗೆ ಬೇಕೇ ಬೇಕಾದ ಪಾಠ. ನಾವು ಮಾಡದೆ ಇನ್ನೊಬ್ಬರ ಕೈಲಿ ಮಾಡಿಸೋದು."

"ಅದರಲ್ಲೇನಿದೆ? ಹೊಲಿ, ಹೊಲಿಸು. ಮಾಡು, ಮಾಡಿಸು. ಆಯ್ತಲ್ಲ?"

"ನಮ್ಮಲ್ಲಿ ಆಯ್ತು. ಕೊನೆಗೆ 'ಇಸು' ಅಂತ ಒಂದು ಬಾಲ ಅಂಟಿಸಿದ್ರೆ ಮುಗೀತು. ಹೆದರಿಸಿ ಹೊಲಿಸಿದ್ರೋ, ಮುದ್ದು ಮಾಡಿ ಹೊಲಿಸಿದ್ರೋ, ಆ ಬಾಲ ಬಾಯಿ ಬಿಡಲ್ಲ. ಇಂಗ್ಲಿಷ್ ಅಷ್ಟಕ್ಕೇ ಸುಮ್ಮನಿರಲ್ಲ ಅತ್ತೆ, ಹೇಗೆ ಮಾಡಿಸಿದೆ ಅಂತ ಕೇಳೇ ಕೇಳುತ್ತೆ."

ಸೊಸೆ ನಾಲ್ಕು ಮಾತು ಬರೆದಳು. ಬೇಡವೆಂದರೂ ಬಿಡದೆ ಮಾಡಿಸಿದರೆ ಮೇಕ್. ಅದು ಅವರದೇ ಕೆಲಸ, ನಾವು ಹೇಳಿದೆವು, ಅವರು ಮಾಡಿದರು ಅಂದರೆ ಹ್ಯಾವ್. ಪುಸಲಾಯಿಸಿ ಒಪ್ಪಿಸಿದರೆ ಗೆಟ್, ಅದೊಂದರ ಮುಂದಿನ ಕ್ರಿಯೆಗೆ ಮಾತ್ರ ಟು ಸೇರಿಸಬೇಕು. "ಒಪ್ಪಿಸೋಕೆ ಸ್ವಲ್ಪ ಜಾಗ ಬೇಕಲ್ಲ," ಎಂದು ಅಕ್ಕ ಅದನ್ನು ನೆನಪಿಟ್ಟುಕೊಂಡಳು. ಕೊನೆಯದು ಲೆಟ್.

"ಅವರಾಗೇ ಮಾಡ್ತೀನಿ ಅಂತಾರೆ. ನಾವು ಅಡ್ಡ ಬರಲ್ಲ. ಅಷ್ಟೇ."

ಅಕ್ಕ ಪೆನ್ನು ಕೆಳಗಿಟ್ಟಳು. "ಸುಮ್ನೆ ಬಿಡೋದೂ ಮಾಡಿಸೋದೇನಾ?"

"ಹೂಂ, ಅತ್ತೆ."

ಅಕ್ಕ ಆ ನಾಲ್ಕು ಮಾತುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲು ಇಷ್ಟೊಂದು ಬಾಗಿಲುಗಳಿವೆಯೇ! ಅರವತ್ತು ವರ್ಷ ಹತ್ತಿರ ಬಂತು, ಯಾರೂ ಹೇಳಲಿಲ್ಲವಲ್ಲ! ಸೊಸೆ ಮಾತ್ರ ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಅದನ್ನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದವಳು.

"ನಾಳೆಗೆ ನಿಮ್ಮ ಜೀವನದಿಂದಲೇ ಹತ್ತು ವಾಕ್ಯ ಬರ್ಕೊಂಡು ಬನ್ನಿ," ಎಂದಳು.

ಮರುದಿನ ಪುಟ ಖಾಲಿ. ಅಕ್ಕ ಮುಖ ಹುಳ್ಳಗೆ ಮಾಡಿಕೊಂಡು ಕೂತಿದ್ದಳು. "ಎಷ್ಟು ಯೋಚನೆ ಮಾಡಿದ್ರೂ ಒಂದೂ ಬರಲಿಲ್ಲಮ್ಮ. ನಾನು ಯಾರ ಕೈಲೂ ಏನೂ ಮಾಡ್ಸೇ ಇಲ್ಲ."

"ಅಂಗಡೀಲಿ ಮೂರು ಜನ ನಿಮ್ಮ ಕೈಕೆಳಗೆ ಇದ್ರಲ್ಲ ಅತ್ತೆ?"

ಅಕ್ಕ ಟೇಪಿನ ತುದಿ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ ಗಂಡನಿಗೂ ಹೇಳದಿದ್ದ ಒಂದು ಸಂಗತಿ ಹೇಳಿದಳು. ಹೆಂಗಸರು ಹೊಲಿದಿಟ್ಟು ಸಂಜೆ ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಅವರಿಗಿಂತ ಒಂದು ಗಂಟೆ ಮುಂಚೆ ಬಂದು ಅಕ್ಕ ಅವರ ಕಾಲರುಗಳನ್ನು ಬಿಚ್ಚಿ ತಾನೇ ಮತ್ತೆ ಹೊಲಿದು, ಇದ್ದ ಜಾಗದಲ್ಲೇ ಇಡುತ್ತಿದ್ದಳು. ಎದುರಿಗೆ ಬೈದರೆ ನೊಂದುಕೊಳ್ಳುತ್ತಾರೆ, ಹಾಗೇ ಬಿಟ್ಟರೆ ಗಿರಾಕಿ ನೊಂದುಕೊಳ್ಳುತ್ತಾನೆ. ಇದು ಒಳ್ಳೆಯತನ ಎಂದೇ ಅವಳು ನಂಬಿದ್ದಳು. ಅವರು ತಮ್ಮ ಹೊಲಿಗೆಯೇ ಚೆನ್ನಾಗಿ ಬಂದಿದೆ ಎಂದು ಖುಷಿಪಡುತ್ತಿದ್ದರು.

"ಗುಂಡಿಯೂ ಹಾಗೇ ಅಂದ್ಕೊಂಡಿದ್ದಳು," ಎಂದಳು ಅಕ್ಕ.

ಗುಂಡಿ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದವಳು. ಅದೇ ಹೆಸರಾಯಿತು. ಆರು ವರ್ಷ ಇದ್ದು, ಅಕ್ಕನ ಲೆಕ್ಕದಲ್ಲಿ ಕಾಲರೂ ಬಂತು ಎಂದುಕೊಂಡು, ಒಂಬತ್ತು ವರ್ಷದ ಹಿಂದೆ ಸ್ವಂತ ಅಂಗಡಿ ಇಟ್ಟಳು. ಬಾಗಿಲ ಮೇಲೆ ನೀಲಿ ಬಣ್ಣದ ಬೋರ್ಡು ಬರೆಸಿದ್ದಳು. ಅಲ್ಲಿ ಬೆಳಿಗ್ಗೆ ಬೇಗ ಬಂದು ಬಿಚ್ಚಿ ಹೊಲಿಯುವವರು ಯಾರಿದ್ದರು? ಐದು ತಿಂಗಳಿಗೆ ಬೋರ್ಡು ಇಳಿಯಿತು. ಈಗ ಪೆಟ್ಟಿಗೆ ಕಟ್ಟುವ ಗೋದಾಮೊಂದರಲ್ಲಿ ಕೆಲಸ.

ಪರೀಕ್ಷೆಗೆ ಕರೆದೊಯ್ಯಬೇಕಾದವರು ಯಾರು ಅನ್ನುವುದು ಇಬ್ಬರಿಗೂ ಆಗಲೇ ಗೊತ್ತಾಗಿತ್ತು.

ಆದರೆ ಗುಂಡಿಯ ಮನೆಗೆ ಹೋಗಲು ಕಾಲೇ ಬರಲಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಅಭ್ಯಾಸ ಮಾಡೋಣ ಎಂದು ಸೊಸೆಯನ್ನೇ ಮಷೀನಿನ ಮುಂದೆ ಕೂರಿಸಿದಳು. ಮೊದಲ ದಿನ ಏಳು ಸಲ ಕಸಿದುಕೊಂಡಳು. ಎರಡನೆಯ ದಿನ ಆರು ಸಲ. ಮೂರನೆಯ ದಿನ ತನ್ನ ಕೈಯ ಮೇಲೆ ತನಗೇ ಕೋಪ ಬಂದು, ಕುತ್ತಿಗೆಯ ಟೇಪು ತೆಗೆದು ಎರಡೂ ಅಂಗೈಗಳನ್ನು ಜೋಡಿಸಿ ಸುತ್ತಿ ಕಟ್ಟಿಕೊಂಡಳು. ತುದಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದಳು. ನೋಡಿದ ಮೊಮ್ಮಗಳು "ಅಜ್ಜೀನ ಪೊಲೀಸರು ಹಿಡಿದ್ರಾ?" ಎಂದು ಕೇಳಿದಳು.

ಕೈ ಕಟ್ಟಿದ ಮೇಲೆ ಗೊತ್ತಾಯಿತು, ಬಾಯಲ್ಲಿ ಹೇಳಲು ತನ್ನ ಹತ್ತಿರ ಏನೂ ಇಲ್ಲ. ಸೊಸೆ ಹೊಲಿದ ಕಾಲರಿನ ತುದಿಗಳು ನಾಯಿಕಿವಿಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದವು. ಯಾಕೆ ಎಂದು ಅವಳು ಕೇಳಿದರೆ ಅಕ್ಕ "ಸರಿಯಾಗಿ ಹೊಲೀಬೇಕು" ಎನ್ನುತ್ತಿದ್ದಳು.

"ಸರಿಯಾಗಿ ಅಂದ್ರೆ ಹೇಗೆ ಅತ್ತೆ?"

"ಸರಿಯಾಗಿ ಅಂದ್ರೆ... ಸರಿಯಾಗಿ!"

ಕೊನೆಗೆ ಸೊಸೆ ಉಪಾಯ ಹೇಳಿದಳು. "ನೀವು ಒಂದು ಹೊಲೀರಿ. ನಾನು ನಿಮ್ಮ ಮುಖ ನೋಡಲ್ಲ, ಬಟ್ಟೆ ನೋಡಲ್ಲ. ಬರೀ ಬೆರಳು ನೋಡ್ತೀನಿ."

ಅಕ್ಕ ಹೊಲಿದಳು. ಸೊಸೆ ಮೇಜಿಗೆ ಗಲ್ಲ ಊರಿ ಮೈಯೆಲ್ಲ ಕಣ್ಣಾಗಿ ನೋಡಿದಳು. ಬೆರಳು ನೋಡುತ್ತೇನೆಂದವಳಿಗೆ ನಡುಕವೂ ಕಂಡಿತು. ಕಂಡದ್ದನ್ನು ಅವಳು ನುಂಗಿಕೊಂಡಳು. ಮೂರನೆಯ ಕಾಲರಿಗೆ ಹೇಳಿದಳು: "ಅತ್ತೆ, ಪಿನ್ನು ಚುಚ್ಚೋಕೆ ಮುಂಚೆ ನೀವು ಎರಡೂ ಪದರ ಸೇರಿಸಿ ಎಡಗೈ ತೋರುಬೆರಳ ಮೇಲೆ ಹೀಗೆ ಬಗ್ಗಿಸ್ತೀರಿ."

"ನಾನಾ? ಇಲ್ಲಪ್ಪ."

"ಮೂರು ಸಲಾನೂ ಬಗ್ಗಿಸಿದ್ರಿ. ಬಗ್ಗಿಸಿದಾಗ ಒಳಗಿನ ಪದರ ಕೂದಲೆಳೆಯಷ್ಟು ಹೊರಗೆ ಜಾರುತ್ತೆ. ಅದನ್ನ ಎಳೆಯದೆ ಅಲ್ಲೇ ಬಿಟ್ಟು ಪಿನ್ನು ಹಾಕ್ತೀರಿ."

ಅಕ್ಕ ಮತ್ತೊಮ್ಮೆ ಮಾಡಿದಳು, ಈ ಸಲ ತನ್ನ ಬೆರಳನ್ನು ತಾನೇ ಕಳ್ಳನನ್ನು ಕಾಯುವಂತೆ ಕಾಯುತ್ತ. ಹೌದು! ಬೆರಳು ಅವಳನ್ನು ಕೇಳದೆಯೇ ಬಾಗಿತು. ಬಟ್ಟೆ ಅದರ ಮೇಲೆ ಬಾಗಿತು. ಕುತ್ತಿಗೆಯ ಮೇಲೆ ಕಾಲರ್ ಮಡಚಿ ಕೂರುವಾಗ ಹೊರಗಿನ ಪದರ ಹೆಚ್ಚು ದೂರ ಸುತ್ತಬೇಕು, ಒಳಗಿನದಕ್ಕೆ ಕಡಿಮೆ ಸಾಕು. ಎರಡನ್ನೂ ಸಮ ಹಿಡಿದು ಹೊಲಿದರೆ ಹೊರಗಿನದು ಸಾಲದೆ ತುದಿಗಳನ್ನು ಎತ್ತಿಬಿಡುತ್ತದೆ. ಇಷ್ಟೆಲ್ಲ ಲೆಕ್ಕ ಆ ಬೆರಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಸಾವಿರಗಟ್ಟಲೆ ಕಾಲರು, ಒಂದೊಂದಕ್ಕೂ ಬೆರಳು ಬಗ್ಗಿ ಕೆಲಸ ಮುಗಿಸಿ, ಅವಳಿಗೆ ಒಂದು ಮಾತೂ ಹೇಳದೆ ಸುಮ್ಮನಿತ್ತು. ಯಾರು ಕಲಿಸಿದ್ದು? ಅವಳಿಗೆ ಮೊದಲು ಹೊಲಿಗೆ ಕಲಿಸಿದ ಚಿಕ್ಕಮ್ಮ ಎಂದೂ ಮಾತಾಡಿದವಳಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಪಾಡಿಗೆ ಹೊಲಿಯುತ್ತಿದ್ದಳು, ಅಕ್ಕ ಕೆಡಿಸಿದ ಬಟ್ಟೆಯನ್ನು ಕೆಡಲು ಬಿಡುತ್ತಿದ್ದಳು. ಅಷ್ಟೇ. ಅಷ್ಟರಿಂದ ಇದು ಇವಳ ಬೆರಳಿಗೆ ಬಂದು ಕೂತಿತ್ತು. ಅಕ್ಕ ತನ್ನ ತೋರುಬೆರಳನ್ನು ಯಾರೋ ದೊಡ್ಡ ಮನುಷ್ಯರನ್ನು ನೋಡುವಂತೆ ನೋಡಿದಳು.

ಮಾರನೆಯ ದಿನವೇ ಗುಂಡಿಯ ಮನೆಗೆ ಹೋದಳು. ರಜೆಯ ಮಧ್ಯಾಹ್ನ. ಗುಂಡಿ ಹೊಸ್ತಿಲಲ್ಲಿ ಕೂತು ಗೋದಾಮಿನ ಕೆಲಸದ ಕೈಗವಸು ಒಗೆದು ಹಿಂಡುತ್ತಿದ್ದಳು. ಅಕ್ಕ ಕೂರಲೂ ಇಲ್ಲ.

"ನಿನ್ನ ಕಾಲರು ಒಂದೂ ನೀನು ಹೊಲಿದದ್ದಲ್ಲ ಕಣೇ. ಎಲ್ಲ ನಾನು ಬಿಚ್ಚಿ ಹೊಲೀತಿದ್ದೆ."

"ಗೊತ್ತು," ಎಂದಳು ಗುಂಡಿ.

"ಗೊತ್ತಾ?"

"ಕಾಜಾ ಹೊಲಿಯೋಳಿಗೆ ಹೊಲಿಗೆ ಎಣಿಸೋಕೆ ಬರಲ್ವಾ ಅಕ್ಕ? ನಂದು ಇಂಚಿಗೆ ಹತ್ತು. ಬೆಳಿಗ್ಗೆ ಬಂದು ನೋಡಿದ್ರೆ ಹದಿನಾಲ್ಕು ಇರ್ತಿತ್ತು."

"ಮತ್ತೆ ಕೇಳಲಿಲ್ಲ ಯಾಕೆ?"

ಗುಂಡಿ ಕೈಗವಸನ್ನು ತಂತಿಯ ಮೇಲೆ ಹಾಕಿ ನೀಟಾಗಿ ಎಳೆದಳು. "ಏನಂತ ಕೇಳಲಿ? ಒಂದು ದಿನ ನೀವೇ ಕೂರಿಸಿ ಹೇಳ್ತೀರಿ, ನೋಡು ಇಲ್ಲಿ ತಪ್ಪಿದೆ ಅಂತೀರಿ, ಅಂತ ಕಾದೆ. ಆರು ವರ್ಷ ಕಾದೆ. ಆಮೇಲೆ ಹಾಳಾಗಿ ಹೋಗ್ಲಿ, ನಾನೇ ನೋಡ್ಕೋತೀನಿ ಅಂತ ಹೋದೆ. ನೋಡ್ಕೊಳ್ಳೋಕೆ ಆಗಲಿಲ್ಲ."

ಅಕ್ಕ ಚೀಲದಿಂದ ಪರೀಕ್ಷೆಯ ಅರ್ಜಿ ಕಾಗದ ತೆಗೆದಳು. ಪರೀಕ್ಷೆಯ ವಿಷಯವನ್ನು ತಡವರಿಸಿಕೊಂಡು ಹೇಳಿದಳು. ಕಾಗದವನ್ನು ಮುಂದೆ ಚಾಚುವಾಗ ಕೈ ನಡುಗಿತು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಗುಂಡಿ ಆ ಕೈಯನ್ನು ನೋಡಿದಳು, ಕಾಗದವನ್ನು ಆಮೇಲೆ ನೋಡಿದಳು.

"ಬರ್ತೀನಿ," ಎಂದಳು. "ನಿಮಗೋಸ್ಕರ ಅಂದ್ಕೋಬೇಡಿ. ಆ ತುದಿ ಯಾಕೆ ಮೇಲೇಳುತ್ತೆ ಅನ್ನೋದು ಒಂಬತ್ತು ವರ್ಷದಿಂದ ನನಗೆ ಗಂಟಲ ಮುಳ್ಳು. ಇಂಗ್ಲಿಷ್ ಬಗ್ಗೆ ಚಿಂತೆ ಮಾಡಬೇಡಿ. ಗೋದಾಮಿನಲ್ಲಿ ದಿನಾ ಇಂಗ್ಲಿಷಲ್ಲೇ ಬೈಸ್ಕೋತೀನಿ."

ಪರೀಕ್ಷೆಯ ದಿನ ತರಬೇತಿ ಕೇಂದ್ರದ ಎತ್ತರದ ಕಿಟಕಿಗಳಿಂದ ಬೆಳಕು ಧಾರಾಳವಾಗಿ ಬೀಳುತ್ತಿತ್ತು. ಆರು ಮಷೀನು, ಆರು ಜೋಡಿ ಜನ. ಕನ್ನಡಕದ ಪರೀಕ್ಷಕಿ ಗಡಿಯಾರ ಹಿಡಿದು ಓಡಾಡುತ್ತಿದ್ದಳು. ಗುಂಡಿಯ ಮೊದಲ ಕಾಲರ್ ಹೊಲಿದಾಯಿತು. ಎರಡೂ ಕಿವಿ ನೆಟ್ಟಗೆ. ಪರೀಕ್ಷಕಿ ಅದಕ್ಕೆ ಚೀಟಿ ಕಟ್ಟಿ ಮೇಜಿನ ಮೇಲಿಟ್ಟಳು. ಅಕ್ಕ ಟೇಪು ತೆಗೆದು ತನ್ನ ಎರಡೂ ಕೈಗಳನ್ನು ಸುತ್ತಿ, ಹಲ್ಲಿನಿಂದ ಬಿಗಿದು ಕಟ್ಟಿಕೊಂಡಳು. ಪರೀಕ್ಷಕಿ ಹುಬ್ಬೇರಿಸಿದರೂ ಏನೂ ಕೇಳಲಿಲ್ಲ.

ಹತ್ತನೆಯ ನಿಮಿಷಕ್ಕೆ ಪಕ್ಕದ ಮಷೀನಿನ ಕೋಟ್ ಟೈಲರ್ ತಡೆಯಲಾರದೆ ಬಟ್ಟೆಯನ್ನು ಎಳೆದುಕೊಂಡ. ಅವನನ್ನು ಆಚೆ ಕಳಿಸಿದರು. ಬಾಗಿಲ ಕಡೆ ಹೋಗುವಾಗಲೂ ಅವನ ಬೆರಳುಗಳು ಗಾಳಿಯಲ್ಲಿ ಹೊಲಿಯುತ್ತಿದ್ದವು. ಅಕ್ಕನಿಗೆ ಅವನ ಕಷ್ಟ ಚೆನ್ನಾಗಿ ಅರ್ಥವಾಯಿತು.

ಅವಳ ಇಂಗ್ಲಿಷ್ ಸಣ್ಣ ಸಣ್ಣ ತುಂಡುಗಳಲ್ಲಿ ಬಂತು. ಎರಡೂ ಪದರ ಸೇರಿಸು. ಬೆರಳು ಒಳಗಿಡು. ಬಗ್ಗಿಸು. ಗುಂಡಿ ಬಗ್ಗಿಸಿದಳು, ಅಂಚು ಜಾರಿತು, ಜಾರಿದ್ದೇ ತಡ, ಹಳೇ ಅಭ್ಯಾಸದಂತೆ ಹೆಬ್ಬೆರಳಿನಿಂದ ಎಳೆದು ಸಮ ಮಾಡಿಬಿಟ್ಟಳು. ಒಂಬತ್ತು ವರ್ಷದ ಮುಳ್ಳು ಇದೇ. ಅಕ್ಕ ಕಣ್ಣಾರೆ ಕಂಡಳು. ಟೇಪಿನೊಳಗೆ ಅವಳ ಕೈಗಳು ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಎದ್ದೆದ್ದು ಬಿದ್ದವು. ಕೊಡಿಲ್ಲಿ ಅನ್ನುವುದು ಗಂಟಲ ತನಕ ಬಂತು. ಅದನ್ನು ಅಲ್ಲೇ ನುಂಗಿದಳು.

"ಡೋಂಟ್ ಮೇಕ್ ಇಟ್," ಎಂದಳು. "ಬಟ್ಟೆ ನಡೀತಾ ಇದೆ. ಲೆಟ್ ಇಟ್." ಮಧ್ಯದ ಮಾತು ಕನ್ನಡದಲ್ಲೇ ಬಂದುಬಿಟ್ಟಿತ್ತು. ಪರೀಕ್ಷಕಿ ಏನೋ ಬರೆದುಕೊಂಡಳು.

ಗುಂಡಿ ತಲೆಯೆತ್ತಿ ಅಕ್ಕನನ್ನು ನೋಡಿದಳು. ಮತ್ತೆ ಬಗ್ಗಿಸಿದಳು. ಅಂಚು ಜಾರಿತು. ಹೆಬ್ಬೆರಳು ಎದ್ದಿತು, ಗಾಳಿಯಲ್ಲಿ ನಿಂತಿತು, ಹಿಂದಕ್ಕೆ ಬಂತು. ಅವಳು ಅಂಚನ್ನು ಜಾರಿದ ಕಡೆಯೇ ಬಿಟ್ಟು ಪಿನ್ನು ಚುಚ್ಚಿದಳು. ಆಮೇಲೆ ಅಕ್ಕ ಮಾತೇ ಆಡಲಿಲ್ಲ. ಮಾತಿನ ಕೆಲಸ ಮುಗಿದಿತ್ತು. ಮಷೀನು ಓಡಿತು. ಕಾಲರ್ ತಿರುವಿ, ತುದಿ ಹೊರತೆಗೆದು, ಪಟ್ಟಿಗೆ ಸೇರಿಸಿ, ಕಟ್ಟಿಗೆಯ ಗೊಂಬೆಯ ಕುತ್ತಿಗೆಗೆ ಹಾಕಿದಳು. ಗಂಟೆ ಹೊಡೆಯಲು ಮೂರು ನಿಮಿಷವಿತ್ತು.

ಕಾಲರ್ ಬಾಗಿ ಕೂತಿತು. ಎರಡು ತುದಿಗಳೂ ಎದೆಯ ಮೇಲೆ ಮೆತ್ತಗೆ ಒರಗಿದವು.

ಅಕ್ಕ ನೋಡಿಯೇ ನೋಡಿದಳು. ಅದು ಅವಳ ಕಾಲರ್. ಆದರೆ ಇಂಚಿಗೆ ಹತ್ತು ಹೊಲಿಗೆ. ಅವಳು ಒಂದು ಎಳೆಯನ್ನೂ ಮುಟ್ಟಿರಲಿಲ್ಲ, ಆದರೂ ಚಿಕ್ಕಮ್ಮನ ಬೆರಳು, ತನ್ನ ಬೆರಳು, ಈಗ ಅಗೋ, ಗುಂಡಿಯ ಬೆರಳು. ಕೈ ಹೋದರೂ ಇದು ಹೋಗುವುದಿಲ್ಲ! ಇಷ್ಟು ದೊಡ್ಡ ವಿಷಯವನ್ನು ತಾನು ಜೀವನವಿಡೀ ಬೆಳಿಗ್ಗೆ ಒಂದು ಗಂಟೆ ಮುಂಚೆ ಎದ್ದು ಬಿಚ್ಚಿಹಾಕುತ್ತ ಬಂದೆನಲ್ಲ ಎಂದು ನಾಚಿಕೆಯೂ ಆಯಿತು.

ಪರೀಕ್ಷಕಿ ಎರಡೂ ಕಾಲರನ್ನು ಅಕ್ಕಪಕ್ಕ ಇಟ್ಟು ಬೆರಳಾಡಿಸಿದಳು. ಟೇಪು ಬಿಚ್ಚಲು ಹೇಳಿದಳು. ಬಿಚ್ಚಿದ ಕೈ ಎಲ್ಲರ ಎದುರಿಗೇ ನಡುಗಿತು.

"ಈ ಕೈಯಲ್ಲಿ ಕಲಿಸ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ ಮೇಡಂ," ಎಂದಳು ಅಕ್ಕ, ಅದೇ ಇಂಗ್ಲಿಷಿನಲ್ಲಿ, ಗುಂಡಿಯ ಕಡೆ ತೋರಿಸಿ. "ಆ ಕೈಯಲ್ಲಿ."

ಪರೀಕ್ಷಕಿ ನಗಲಿಲ್ಲ. ಬರೆಯುತ್ತಲೇ ಸೋಮವಾರ ಒಂಬತ್ತಕ್ಕೆ ಬನ್ನಿ ಎಂದಳು. ಮುಂದಿನ ಮೇಜಿಗೆ ಹೋಗುತ್ತ ತಿರುಗಿ, ಆ ಕಾಲರಿನ ಪಟ್ಟಿಗೆ ಒಂದು ಗುಂಡಿ ಹಾಕಿಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ ಎಂದಳು.

ಪರೀಕ್ಷೆ ಮುಗಿದಿತ್ತು, ಈಗ ಮುಟ್ಟಬಹುದಿತ್ತು. ಅಕ್ಕ ಖುಷಿಯ ಭರದಲ್ಲಿ ಸೂಜಿ ಎತ್ತಿಕೊಂಡು ದಾರ ಪೋಣಿಸಲು ಹೋದಳು. ದಾರದ ತುದಿ ಸೂಜಿಯ ಕಣ್ಣಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ತುದಿಯನ್ನು ಎಂಜಲು ಮಾಡಿ ಮತ್ತೆ ಪ್ರಯತ್ನಿಸಿದಳು. ಗುಂಡಿ ಪಕ್ಕದಲ್ಲಿ ನಿಂತು ಎರಡು ನಿಮಿಷ ಸುಮ್ಮನೆ ನೋಡಿದಳು. ಮೂರನೆಯ ನಿಮಿಷಕ್ಕೆ ಕೈ ಚಾಚಿದಳು.

"ಕೊಡಿಲ್ಲಿ ಅಕ್ಕ."

ಅಕ್ಕ ಸೂಜಿಯನ್ನು ಅವಳ ಅಂಗೈಯಲ್ಲಿಟ್ಟಳು.